ಮನೆ ಮಾರುವ ಮುಂಚೆ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ನೋಡಲು ಬರುವವರಲ್ಲಿ ಎರಡು ಥರ. ಒಬ್ಬರು ಕಿಟಕಿಯಾಚೆಯ ಮರ, ನಡುಮನೆಯ ಬೆಳಕು, ಕೋಣೆಯ ಅಳತೆ ನೋಡುತ್ತಾರೆ. ಇನ್ನೊಬ್ಬರು ಬಂದವರೇ ಟಾರ್ಚ್ ಹಿಡಿದು ಸಿಂಕಿನ ಕೆಳಗೆ ತಲೆ ತೂರಿಸುತ್ತಾರೆ. ನಾನು ಎರಡನೇ ಥರದವನು. ಕೊಳ್ಳುವವರ ಪರವಾಗಿ ಮನೆ ತಪಾಸಣೆ ಮಾಡುವುದು ನನ್ನ ಕೆಲಸ. ಆದರೆ ಜಾಸ್ತಿ ಪ್ರಶ್ನೆ ಕೇಳುವವರು ಮಾರುವವರೇ. ಅವರ ಮುಖದಲ್ಲಿ ಕಾಣುವ ಗಾಬರಿಯಲ್ಲಿ ಅರ್ಧದಷ್ಟು ಸುಮ್ನೆ ಗಾಬರಿ. ಅದಕ್ಕೇ ಅವರು ಕೇಳುವುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ತಪಾಸಣೆ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ಮನೆಯನ್ನು ಸೂರಿನಿಂದ ಪಾಯದವರೆಗೆ ಕಣ್ಣಿಟ್ಟು ನೋಡುತ್ತಾರೆ. ನಲ್ಲಿ ತಿರುಗಿಸುತ್ತಾರೆ, ಸ್ವಿಚ್ ಹಾಕುತ್ತಾರೆ, ಬಾಗಿಲು ಕಿಟಕಿ ತೆಗೆದು ಮುಚ್ಚುತ್ತಾರೆ, ನೆಲದ ಟೈಲ್ಸನ್ನು ತಟ್ಟಿ ಸದ್ದು ಕೇಳುತ್ತಾರೆ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಬಿಟ್ಟಿದೆ ಅಂತ ಅರ್ಥ. ಕೈಯಲ್ಲಿ ದೊಡ್ಡ ಯಂತ್ರಗಳೇನೂ ಇರುವುದಿಲ್ಲ. ಟಾರ್ಚ್, ಏಣಿ, ರಸಮಟ್ಟ, ಪ್ಲಗ್ ಟೆಸ್ಟರ್, ತೇವ ಅಳೆಯುವ ಮೀಟರ್, ಕ್ಯಾಮೆರಾ, ಅಷ್ಟೇ.

ಒಂದು ಮಾತು ನೆನಪಿಡಿ. ತಪಾಸಣೆಯವರು ಗೋಡೆ ಒಡೆಯುವುದಿಲ್ಲ, ಟೈಲ್ಸ್ ಕೀಳುವುದಿಲ್ಲ, ನಿಮ್ಮ ಬೀರು ಎಳೆದು ಸರಿಸುವುದಿಲ್ಲ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ವರದಿಗೆ ಹೋಗುತ್ತದೆ. ಕಾಣದ ಜಾಗವೂ ವರದಿಗೆ ಹೋಗುತ್ತದೆ, ಆದರೆ ಬೇರೆ ಥರ. ಅದನ್ನು ಮುಂದೆ ಹೇಳುತ್ತೇನೆ.

ಬೆಲೆ ಕಟ್ಟುವವರು ಆಗಲೇ ಬಂದು ಹೋದರಲ್ಲ, ಇವರು ಯಾಕೆ?

ಅವರು ಬಂದಿದ್ದು ಮನೆ ಎಷ್ಟು ಬೆಲೆ ಬಾಳುತ್ತದೆ ಅಂತ ನೋಡಲು. ಇವರು ಬರುವುದು ಮನೆ ಹೇಗಿದೆ ಅಂತ ನೋಡಲು. ಸಾಲ ಕೊಡುವವರಿಗೆ ಮೊದಲನೆಯದು ಬೇಕು, ವಾಸ ಮಾಡುವವರಿಗೆ ಎರಡನೆಯದು.

ನನ್ನ ಮನೆ ಫೇಲಾದರೆ?

ಪಾಸು ಫೇಲು ಅಂತ ಇಲ್ಲ. ಇರುವುದು ಒಂದು ಪಟ್ಟಿ. ಹೊಸದಾಗಿ ಕಟ್ಟಿದ, ಇನ್ನೂ ಬಣ್ಣದ ವಾಸನೆ ಹೋಗದ ಮನೆಯಲ್ಲೂ ನಾನು ಖಾಲಿ ಪಟ್ಟಿ ಬರೆದದ್ದಿಲ್ಲ.

ಎಷ್ಟು ಹೊತ್ತು ಹಿಡಿಯುತ್ತದೆ?

ಮಧ್ಯಮ ಗಾತ್ರದ ಮನೆಗೆ ಎರಡರಿಂದ ನಾಲ್ಕು ಗಂಟೆ. ಹಳೆಯ ಮನೆ, ಪದೇ ಪದೇ ಸೇರಿಸಿ ಕಟ್ಟಿದ ಮನೆಗೆ ಇನ್ನೂ ಜಾಸ್ತಿ. ಅರ್ಧ ಗಂಟೆಯಲ್ಲಿ ಮುಗಿಸಿ ಹೊರಟರೆ ಖುಷಿಪಡಬೇಡಿ. ಆ ವರದಿಯನ್ನು ಕೊಳ್ಳುವವರು ನಂಬುವುದಿಲ್ಲ, ಇನ್ನೊಬ್ಬರನ್ನು ಕರೆತರುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಏನನ್ನು ಹುಡುಕುತ್ತಾರೆ?

ನೀರನ್ನು. ಮನೆ ಹಾಳುಮಾಡುವುದರಲ್ಲಿ ನೀರಿಗಿಂತ ದೊಡ್ಡ ಕೈ ಇಲ್ಲ. ಹಾಗಾಗಿ ನಾನು ಮನೆಯೊಳಗೆ ಬರುವ ಮುಂಚೆ ಹೊರಗೆ ಒಂದು ಸುತ್ತು ಹಾಕುತ್ತೇನೆ. ಸೂರಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ? ಮಳೆನೀರಿನ ಪೈಪು ಪಾಯದ ಬುಡದಲ್ಲೇ ಸುರಿಯುತ್ತಿದೆಯಾ, ಇಲ್ಲ ದೂರಕ್ಕೆ ಒಯ್ಯುತ್ತಿದೆಯಾ? ನೆಲದ ಇಳಿಜಾರು ಯಾವ ಕಡೆಗೆ? ಗೋಡೆಯಿಂದಾಚೆ ಮೊದಲ 10 ಅಡಿಯಲ್ಲಿ ಸುಮಾರು 6 ಇಂಚು ಇಳಿದಿದ್ದರೆ ಒಳ್ಳೆಯದು ಅನ್ನುವುದು ಈ ಕೆಲಸದಲ್ಲಿ ಬಳಕೆಯಲ್ಲಿರುವ ಲೆಕ್ಕ. ತುಂಬಾ ಮನೆಗಳಲ್ಲಿ ಹೂವಿನ ಮಡಿ ಮಾಡಲು ಮಣ್ಣು ಪೇರಿಸಿ ಪೇರಿಸಿ ಇಳಿಜಾರು ಮನೆಯ ಕಡೆಗೇ ತಿರುಗಿರುತ್ತದೆ. ಗಿಡಕ್ಕೆ ಹಾಕಿದ ನೀರನ್ನು ಗೋಡೆಯೂ ಕುಡಿಯುತ್ತದೆ.

ಒಳಗೆ ಬಂದ ಮೇಲೆ ಗೋಡೆಯ ಕೆಳಗಿನ ಒಂದೆರಡು ಅಡಿ ನೋಡುತ್ತೇನೆ. ಬಿಳಿ ಉಪ್ಪು ಹೂವಿನ ಹಾಗೆ ಹೊಮ್ಮಿದ್ದರೆ ಆ ಗೋಡೆಯಲ್ಲಿ ನೀರು ಓಡಾಡಿದೆ. ನೀರು ಆರಿಹೋಗುತ್ತದೆ, ಅದು ಹೊತ್ತು ತಂದ ಉಪ್ಪು ಅಲ್ಲೇ ಉಳಿಯುತ್ತದೆ. ತಾರಸಿಯ ಕೆಳಭಾಗದಲ್ಲಿ ಗಿಲಾವು ಉಬ್ಬಿದ್ದರೆ, ತುಕ್ಕಿನ ಗೆರೆ ಇಳಿದಿದ್ದರೆ ಅದು ಇನ್ನೂ ಗಂಭೀರ. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಮೊದಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಕಾಂಕ್ರೀಟ್ ಆ ಒತ್ತಡ ತಡೆಯದೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಮರದ ತೊಲೆ ಇದ್ದರೆ ತೇವದ ಮೀಟರಿನ ಮೊನೆ ಚುಚ್ಚುತ್ತೇವೆ. ಶೇಕಡಾ 20 ದಾಟಿ ಅಲ್ಲೇ ನಿಂತಿದೆ ಅಂದರೆ ಶಿಲೀಂಧ್ರಕ್ಕೆ ಊಟ ಬಡಿಸಿಟ್ಟ ಹಾಗೆ.

ಕೆಲವರು ಥರ್ಮಲ್ ಕ್ಯಾಮೆರಾ ತರುತ್ತಾರೆ. ಅದು ಗೋಡೆಯ ಒಳಗೆ ನೋಡುತ್ತದೆ ಅಂತ ಮಾರುವವರು ಹೆದರುತ್ತಾರೆ. ಇಲ್ಲ. ಅದು ಮೇಲ್ಮೈಯ ಬಿಸಿ ತಂಪನ್ನಷ್ಟೇ ತೋರಿಸುತ್ತದೆ. ಒದ್ದೆ ಜಾಗ ಆರುವಾಗ ಸುತ್ತಲಿಗಿಂತ ತಣ್ಣಗಿರುತ್ತದೆ, ಹಾಗಾಗಿ ಅಲ್ಲೊಂದು ಕಲೆ ಕಾಣುತ್ತದೆ. ಅದು ನಿಜವಾಗಿ ತೇವವೇ ಅಂತ ಖಾತ್ರಿ ಮಾಡಿಕೊಳ್ಳಲು ಮತ್ತೆ ಮೀಟರನ್ನೇ ಹಿಡಿಯಬೇಕು.

ಗೋಡೆಯಲ್ಲಿ ಬಿರುಕು ಇದೆ. ಮಾರಾಟ ಮುರಿದುಬೀಳುತ್ತಾ?

ಬಿರುಕು ಇಲ್ಲದ ಮನೆ ಎಲ್ಲಿದೆ ಹೇಳಿ? ಗಿಲಾವು ಒಣಗುವಾಗ ಕುಗ್ಗಿ ಆದ ಕೂದಲೆಳೆಯ ಬಿರುಕು ಯಾರನ್ನೂ ಓಡಿಸುವುದಿಲ್ಲ. ನಾವು ನೋಡುವುದು ಬಿರುಕಿನ ದಾರಿ, ಅಗಲ ಮತ್ತು ವಯಸ್ಸು. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟಿದ್ದು, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು, ಒಂದು ತುದಿ ಕಿರಿದು ಇನ್ನೊಂದು ತುದಿ ಅಗಲ ಇರುವುದು, ಇವೆಲ್ಲ ಪಾಯ ಒಂದು ಕಡೆ ಕುಸಿದಿರುವ ಸೂಚನೆ ಇರಬಹುದು. 5 ಮಿಲಿಮೀಟರ್ ದಾಟಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ ಅಂತ ವರದಿಯಲ್ಲಿ ಬರೆಯುವುದು ಹೆಚ್ಚು ಕಡಿಮೆ ಖಂಡಿತ. ಅದೇ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯಾ ಅಂತಲೂ ನೋಡುತ್ತೇವೆ. ಬಿರುಕು ಒಂದೇ ಇದ್ದರೆ ಒಂದು ಮಾತು, ಅದರ ಜೊತೆ ಬಾಗಿಲೂ ವಾಲಿದ್ದರೆ ಬೇರೆ ಮಾತು.

ಮಾರಲು ಇನ್ನೂ ನಾಲ್ಕಾರು ತಿಂಗಳಿದ್ದರೆ ಒಂದು ಕೆಲಸ ಮಾಡಿ. ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಸ್ಕೇಲ್ ಹಿಡಿದು ಒಂದು ಫೋಟೋ ತೆಗೆಯಿರಿ. ಒಂದು ಮನೆಯಲ್ಲಿ ಮೆಟ್ಟಿಲ ಪಕ್ಕದ ಗೋಡೆಯ ಬಿರುಕಿಗೆ ಹೀಗೆ ಮೂರು ತಾರೀಖು ಬರೆದಿದ್ದರು, ಮೊದಲನೆಯದಕ್ಕೂ ಕೊನೆಯದಕ್ಕೂ ಐದು ವರ್ಷ ಅಂತರ. ಮೂರೂ ಗೆರೆ ಒಂದರ ಮೇಲೊಂದು, ಬಿರುಕು ಅಲ್ಲೇ ನಿಂತಿತ್ತು. ಬೆಳೆಯದ ಬಿರುಕಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ವರದಿಯಲ್ಲಿ ಅದಕ್ಕೆ ಒಂದೇ ಸಾಲು ಬರೆದೆ.

ಕರೆಂಟಿನ ಕಡೆ ಏನು ನೋಡುತ್ತಾರೆ?

ಡಿಬಿ ಬಾಕ್ಸ್ (ಬ್ರೇಕರ್‌ಗಳೆಲ್ಲ ಇರುವ ಪೆಟ್ಟಿಗೆ) ಮುಚ್ಚಳ, ಒಳಗೆ ಸುಟ್ಟ ಗುರುತು, ಸಡಿಲ ವೈರು, ಲೋಡಿಗೆ ತಕ್ಕ ಬ್ರೇಕರ್. ಪ್ಲಗ್ ಪಾಯಿಂಟುಗಳಲ್ಲಿ ಅರ್ಥಿಂಗ್ ಇದೆಯಾ. ಮೂರು ತೂತಿನ ಪ್ಲಗ್ ಪಾಯಿಂಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಮೂರನೇ ತೂತಿನ ಹಿಂದೆ ವೈರೇ ಇಲ್ಲದ ಮನೆಗಳು ಬೇಕಾದಷ್ಟಿವೆ. ಸೋರುವ ಕರೆಂಟು ಹಿಡಿದು ಕಟ್ ಮಾಡುವ ಆರ್‌ಸಿಸಿಬಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತುತ್ತೇವೆ. ಮನೆಬಳಕೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ಬಟನ್ ಒತ್ತಿದರೂ ಬೀಳಲಿಲ್ಲ ಅಂದರೆ ಅದು ಗೋಡೆಗೆ ಅಂಟಿಸಿದ ಅಲಂಕಾರ ಅಷ್ಟೇ. ನೀವೇ ಒಂದು ದಿನ ಮುಂಚೆ ಒತ್ತಿ ನೋಡಿ. ಕಂಪ್ಯೂಟರ್ ಆಫ್ ಮಾಡಿ ಒತ್ತಿ, ಆಮೇಲೆ ನನ್ನನ್ನು ಬೈಯಬೇಡಿ.

ಹೊಗೆ ಅಲಾರಂ ಇದ್ದರೆ ಅದರ ಹಿಂದೆ ತಯಾರಾದ ತಾರೀಖು ಇರುತ್ತದೆ. 10 ವರ್ಷ ಆಗಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಅಲಾರಮ್ಮನ್ನೇ ಬದಲಿಸಬೇಕು.

ಪೈಪು, ಬಾತ್‌ರೂಮು?

ಎರಡು ಮೂರು ನಲ್ಲಿ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡುತ್ತೇವೆ. ಸಿಂಕ್ ತುಂಬಿಸಿ ಒಮ್ಮೆಗೇ ಬಿಟ್ಟು ಕೆಳಗಿನ ಪೈಪಿನ ಜಾಯಿಂಟ್ ಸೋರುತ್ತಾ ಅಂತ ನೋಡುತ್ತೇವೆ. ಸಣ್ಣ ಧಾರೆಗೆ ಸೋರದ ಜಾಯಿಂಟ್ ತುಂಬಿದ ಸಿಂಕಿಗೆ ಸೋರುತ್ತದೆ.

ನೀವು ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಇವೆ. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಓದಿ. ಅರ್ಧ ಗಂಟೆ ಬಿಟ್ಟು ಮತ್ತೆ ಓದಿ. ಮುಳ್ಳು ಕದಲಿದ್ದರೆ ಎಲ್ಲೋ ಸೋರುತ್ತಿದೆ. ಇನ್ನೊಂದು, ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದೆ ಬಿಡಿ. ಬಟ್ಟಲಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಹೋಗಿದೆ. ಸಣ್ಣ ರಿಪೇರಿ.

ಖಾಲಿ ಬಿಟ್ಟ ಮನೆ ಆದರೆ ಇನ್ನೊಂದು ವಿಷಯ. ಬಳಸದ ಬಾತ್‌ರೂಮಿನ ನೆಲದ ಜಾಲರಿ ಕೆಳಗೆ ನೀರು ನಿಲ್ಲುವ ಬಾಗು ಇರುತ್ತದೆ. ಚರಂಡಿಯ ಗಾಳಿ ಒಳಗೆ ಬರದ ಹಾಗೆ ತಡೆಯುವುದು ಅದೇ ನೀರು. ತಿಂಗಳುಗಟ್ಟಲೆ ಬಳಸದಿದ್ದರೆ ಆರಿಹೋಗಿ ಮನೆಯೆಲ್ಲ ನಾತ. ಹಿಂದಿನ ದಿನ ಪ್ರತಿ ಜಾಲರಿಗೂ ಒಂದು ಚೊಂಬು ನೀರು ಹಾಕಿ. ಇಷ್ಟು ಸಣ್ಣ ಕೆಲಸಕ್ಕೆ ಪೂರ್ತಿ ಡ್ರೈನೇಜ್ ಕೆಟ್ಟಿದೆ ಅಂತ ಅನುಮಾನಪಟ್ಟವರನ್ನು ನೋಡಿದ್ದೇನೆ.

ಮುಂಚೆ ಪೂರ್ತಿ ಬಣ್ಣ ಹೊಡೆಸಿಬಿಡಲಾ?

ಇದಕ್ಕೆ ನನ್ನ ಕಥೆಯನ್ನೇ ಹೇಳಬೇಕು. ನಾನು ಈ ಕೆಲಸಕ್ಕೆ ಬರುವ ಮುಂಚೆ ನಮ್ಮ ಮನೆ ಮಾರಿದೆವು. ಮಲಗುವ ಕೋಣೆಯ ಸೂರಿನಲ್ಲಿ ಒಂದು ತಟ್ಟೆಯಷ್ಟು ಕಂದು ಕಲೆ ಇತ್ತು. ಮೇಲಿನ ಪೈಪು ಸೋರಿ ಆದದ್ದು, ಪೈಪನ್ನು ಎರಡು ವರ್ಷದ ಹಿಂದೆಯೇ ಸರಿಮಾಡಿಸಿದ್ದೆವು. ಸೋರಿಕೆ ನಿಂತಿತ್ತು, ಕಲೆ ಉಳಿದಿತ್ತು. ತಪಾಸಣೆಗೆ ಮೂರು ದಿನ ಇದೆ ಅನ್ನುವಾಗ ನಾನೇ ಸ್ಟೂಲ್ ಹತ್ತಿ ಅಷ್ಟಕ್ಕೆ ಮಾತ್ರ ಬಣ್ಣ ಬಳಿದೆ. ಹಳೆಯ ಬಿಳಿಯ ನಡುವೆ ಹೊಸ ಬಿಳಿ, ಸರಿಯಾಗಿ ತಟ್ಟೆಯಾಕಾರ!

ಬಂದವರು ಕೋಣೆಯ ಬಾಗಿಲಲ್ಲೇ ನಿಂತು ತಲೆ ಎತ್ತಿದರು. ಏಣಿ ತಂದರು, ಮೀಟರ್ ಹಿಡಿದರು. ಅದು ಒಣಗಿದೆ ಅಂತಲೇ ತೋರಿಸಿತು. ಆದರೂ ವರದಿಯಲ್ಲಿ "ಇತ್ತೀಚೆಗೆ ಬಣ್ಣ ಬಳಿದ ಭಾಗ, ಕಾರಣ ತಿಳಿದಿಲ್ಲ" ಅಂತ ಬಂತು. ಕೊಳ್ಳುವವರು ಸೂರಿನ ಮೇಲಿನ ಪೈಪೆಲ್ಲ ಬಿಚ್ಚಿ ತೋರಿಸಿ ಅಂದರು. ಎರಡು ವಾರ ಹೋಯಿತು. ಪ್ಲಂಬರಿನ ಹಳೆ ಬಿಲ್ಲನ್ನು ಕಲೆಯ ಕೆಳಗೆ ಮೇಜಿನ ಮೇಲೆ ಇಟ್ಟಿದ್ದರೆ ಅದು ಐದು ನಿಮಿಷದ ಮಾತಾಗಿರುತ್ತಿತ್ತು.

ಹಾಗಾಗಿ ಹೊಡೆಸುವುದಾದರೆ ಕೋಣೆ ಪೂರ್ತಿ ಹೊಡೆಸಿ, ಅದೂ ಸೋರಿಕೆ ನಿಲ್ಲಿಸಿದ ಮೇಲೆ. ತೇಪೆ ಮಾತ್ರ ಬೇಡ. ತೇಪೆ ಕಂಡ ಕೂಡಲೇ ನಾವು ಹತ್ತಿರ ಹೋಗುತ್ತೇವೆ. ಘಮ್ಮೆನ್ನುವ ಅಗರಬತ್ತಿ, ರೂಮ್ ಫ್ರೆಶ್ನರ್ ಕೂಡ ಹಾಗೇ. ಯಾವ ವಾಸನೆ ಮುಚ್ಚಲು ಇದು ಅಂತಲೇ ಮೂಗು ಹುಡುಕುತ್ತದೆ.

ಹಿಂದಿನ ದಿನ ಏನೇನು ಮಾಡಿಡಬೇಕು?

ದಾರಿ ಬಿಡಿಸಿ. ಇದೊಂದೇ ಮಾಡಿದರೂ ನಿಮ್ಮ ತಯಾರಿ ಮುಕ್ಕಾಲು ಮುಗಿದ ಹಾಗೆ. ಡಿಬಿ ಬಾಕ್ಸಿನ ಮುಂದೆ ಮೂರಡಿ ಜಾಗ ಖಾಲಿ ಇರಲಿ. ಅಲ್ಲಿ ಸಾಮಾನ್ಯವಾಗಿ ಇಸ್ತ್ರಿ ಬಟ್ಟೆಯ ಗುಡ್ಡವೋ ಹಳೇ ಪೇಪರಿನ ಕಟ್ಟೋ ಇರುತ್ತದೆ. ಅಟ್ಟಕ್ಕೆ ಹತ್ತುವ ಜಾಗದ ಕೆಳಗಿನ ಕಪಾಟು ಖಾಲಿ ಮಾಡಿ. ಸಿಂಕಿನ ಕೆಳಗಿನ ಡಬ್ಬ, ಬಾಟಲಿ ತೆಗೆದು ಪಕ್ಕಕ್ಕಿಡಿ. ಗೀಸರ್, ನೀರಿನ ಟ್ಯಾಂಕ್, ಪಂಪು, ಚರಂಡಿ ಚೇಂಬರಿನ ಮುಚ್ಚಳ, ಇವೆಲ್ಲ ಕೈಗೆ ಸಿಗಬೇಕು. ಬೀಗ ಹಾಕಿದ ಕೋಣೆ, ಮೀಟರ್ ಪೆಟ್ಟಿಗೆ, ಮೇಲಿನ ಮಹಡಿ ಬಾಗಿಲು, ಎಲ್ಲದರ ಕೀ ಒಂದೇ ಗೊಂಚಲಲ್ಲಿ ಚೀಟಿ ಕಟ್ಟಿ ಇಡಿ.

ಕಾಣದ ಜಾಗವೂ ವರದಿಗೆ ಹೋಗುತ್ತದೆ ಅಂತ ಮೊದಲು ಹೇಳಿದ್ದು ಇದನ್ನೇ. "ಅಟ್ಟ ನೋಡಲು ಆಗಲಿಲ್ಲ" ಅಂತ ಬರೆದ ಸಾಲನ್ನು ಕೊಳ್ಳುವವರು "ಅಟ್ಟದಲ್ಲಿ ಏನೋ ಇದೆ" ಅಂತ ಓದಿಕೊಳ್ಳುತ್ತಾರೆ. ನಿಜವಾದ ದೋಷಕ್ಕಿಂತ ಊಹೆಯ ದೋಷಕ್ಕೆ ಜಾಸ್ತಿ ದುಡ್ಡು ಕಡಿತ ಕೇಳುತ್ತಾರೆ.

ಇನ್ನು ಚಿಲ್ಲರೆ ಕೆಲಸ. ಉರಿಯದ ಬಲ್ಬ್ ಬದಲಿಸಿ. ಬಲ್ಬ್ ಹೋಗಿದೆಯೋ ವೈರಿಂಗ್ ಹೋಗಿದೆಯೋ ಅಂತ ನಮಗೆ ಗೊತ್ತಾಗುವುದಿಲ್ಲ, "ದೀಪ ಉರಿಯುತ್ತಿಲ್ಲ" ಅಂತ ಬರೆಯಲೇಬೇಕು. ವಾಷಿಂಗ್ ಮೆಷಿನ್ನಿನ ಬಟ್ಟೆ ತೆಗೆದಿಡಿ. ನಾಯಿ ಇದ್ದರೆ ಅದನ್ನು ಆವತ್ತು ಬೇರೆಲ್ಲಾದರೂ ಬಿಡಿ. "ಏನೂ ಮಾಡಲ್ಲ ಸರ್" ಅನ್ನುವ ನಾಯಿಗಳನ್ನು ನಾನು ಬಲ್ಲೆ.

ಯಾವ ರಿಪೇರಿ ಮುಂಚೆ ಮಾಡಿಸಲಿ, ಯಾವುದನ್ನು ಬಿಡಲಿ?

ತೊಟ್ಟಿಕ್ಕುವ ನಲ್ಲಿ, ಸಡಿಲ ಸ್ವಿಚ್ ಬೋರ್ಡ್, ಒಡೆದ ಗಾಜು, ಕಟ್ಟಿಕೊಂಡ ಮಳೆನೀರಿನ ಪೈಪು, ಅಲ್ಲಾಡುವ ಮೆಟ್ಟಿಲ ಕಂಬಿ, ಇವನ್ನು ಮಾಡಿಸಿಬಿಡಿ. ಒಂದೊಂದೂ ಚಿಕ್ಕದೇ. ಆದರೆ ಹದಿನೈದು ಚಿಕ್ಕವು ಸೇರಿದರೆ ಈ ಮನೆಯನ್ನು ಯಾರೂ ನೋಡಿಕೊಂಡಿಲ್ಲ ಅನ್ನಿಸುತ್ತದೆ. ಆಮೇಲೆ ದೊಡ್ಡದನ್ನೂ ಅದೇ ಕಣ್ಣಲ್ಲಿ ನೋಡುತ್ತಾರೆ. ಸುರಕ್ಷತೆಗೆ ಸಂಬಂಧಿಸಿದ್ದನ್ನಂತೂ ಮಾರಾಟ ಇರಲಿ ಬಿಡಲಿ ಮಾಡಿಸಿ, ನೀವೂ ಇನ್ನೂ ಅಲ್ಲೇ ಇದ್ದೀರಲ್ವಾ.

ಅಡುಗೆಮನೆ ಪೂರ್ತಿ ಬದಲಿಸುವುದು, ಹೊಸ ನೆಲಹಾಸು, ಇವು ತಪಾಸಣೆಗೆ ಬೇಕಿಲ್ಲ. ನಮಗೆ ಟೈಲ್ಸಿನ ಬಣ್ಣ ಲೆಕ್ಕಕ್ಕಿಲ್ಲ. ಪಾಯ, ಸೂರಿನಂಥ ದೊಡ್ಡ ಕೆಲಸವನ್ನು ಅವಸರದಲ್ಲಿ ಅಗ್ಗಕ್ಕೆ ಮಾಡಿಸಬೇಡಿ. ಬಲ್ಲವರಿಂದ ಖರ್ಚಿನ ಅಂದಾಜು ಬರೆಸಿಟ್ಟುಕೊಂಡು ಬೆಲೆಯಲ್ಲಿ ಮಾತಾಡುವುದು ಎಷ್ಟೋ ವಾಸಿ.

ನಾನೇ ಮುಂಚೆ ಒಬ್ಬರನ್ನು ಕರೆಸಿ ತಪಾಸಣೆ ಮಾಡಿಸಬಹುದಾ?

ಮಾಡಿಸಬಹುದು. ಹಳೆಯ ಮನೆ ಆದರೆ ಮಾಡಿಸಿ ಅಂತಲೇ ಹೇಳುತ್ತೇನೆ. ರಿಪೇರಿಗೆ ಸಮಯ ಸಿಗುತ್ತದೆ, ಮೂರು ಕಡೆ ದರ ವಿಚಾರಿಸಬಹುದು. ಒಂದು ತೊಡಕಿದೆ. ಒಮ್ಮೆ ವರದಿ ಕೈಗೆ ಬಂದ ಮೇಲೆ "ನನಗೆ ಗೊತ್ತಿರಲಿಲ್ಲ" ಅನ್ನುವ ಹಾಗಿಲ್ಲ.

ಗೊತ್ತಿರುವ ದೋಷವನ್ನು ನಾನಾಗೇ ಹೇಳಬೇಕಾ?

ಎಷ್ಟು ಹೇಳಬೇಕು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ನಿಮ್ಮ ವಕೀಲರನ್ನು ಕೇಳಿ. ನನ್ನ ಅನುಭವದಲ್ಲಿ ಹೇಳಿದವರು ಕೆಟ್ಟಿದ್ದು ಕಡಿಮೆ. 1984ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೀರ್ಪಾದ ಒಂದು ಕೇಸು ನಮ್ಮ ಕೆಲಸದವರಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಸರಿಯಾಗಿ ದಮ್ಮಸ್ಸು ಮಾಡದ ಮಣ್ಣಿನ ಮೇಲೆ ಕಟ್ಟಿದ ಮನೆ. ಕೊಂಡ ಸ್ವಲ್ಪ ದಿನಕ್ಕೇ ನೆಲ ಜಾರಿ ಮನೆ ಹಾಳಾಯಿತು. ಇಳಿಜಾರಿನ ಮೇಲೆ ಹಿಂದೊಮ್ಮೆ ಮಣ್ಣು ಜಾರಿದ್ದಕ್ಕೆ ಹಾಸಿದ್ದ ಬಲೆ ಕಾಣುತ್ತಿತ್ತು. ಅತಿಥಿ ಮನೆಯ ನೆಲ ಏರುಪೇರಾಗಿತ್ತು. ಮಾರಿದವರು ಜಾರಿದ ವಿಷಯ ಹೇಳಿರಲಿಲ್ಲ. ಕಣ್ಣಿಗೆ ಕಾಣುತ್ತಿದ್ದ ಈ ಸೂಚನೆಗಳನ್ನು ವಿಚಾರಿಸದೆ ಬಿಟ್ಟ ಏಜೆಂಟರೂ ಹೊಣೆಯೇ ಅಂತ ಕೋರ್ಟ್ ಹೇಳಿತು. ಅಲ್ಲಿಂದ ಮುಂದೆ ಅಲ್ಲಿನ ಏಜೆಂಟರು ತಪಾಸಣೆ ಮಾಡಿಸಿ ಅಂತ ಹೇಳುವುದು ಜಾಸ್ತಿಯಾಯಿತು.

ಹೇಳುವಾಗ ಕಾಗದ ಜೊತೆಗಿರಲಿ. ರಿಪೇರಿ ಬಿಲ್ಲು, ಗೆದ್ದಲಿಗೆ ಔಷಧಿ ಹೊಡೆಸಿದ ರಸೀದಿ, ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ ಗ್ಯಾರಂಟಿ ಕಾರ್ಡು, ಮನೆ ನಕ್ಷೆ, ಎಲ್ಲ ಒಂದು ಫೈಲಿನಲ್ಲಿ ಹಾಕಿ ಮೇಜಿನ ಮೇಲಿಡಿ.

ತಪಾಸಣೆ ಹೊತ್ತಿಗೆ ನಾನು ಮನೆಯಲ್ಲಿರಬೇಕಾ?

ಬಾಗಿಲು ತೆಗೆದು, ಫೈಲು ತೋರಿಸಿ, ಮೇನ್ ವಾಲ್ವ್ ಎಲ್ಲಿದೆ ಹೇಳಿ ಹೊರಗೆ ಹೋಗಿಬರುವುದು ಒಳ್ಳೆಯದು. ಹಿಂದೆ ಹಿಂದೆ ಬಂದು "ಅದೇನಿಲ್ಲ, ಅದು ಹಾಗೇ" ಅನ್ನುತ್ತಿದ್ದರೆ ನಮಗೆ ಆ ಜಾಗದ ಮೇಲೇ ಗಮನ ಹೋಗುತ್ತದೆ. ಕೊಳ್ಳುವವರೂ ಬಂದಿದ್ದರೆ ಅವರು ನಿಮ್ಮ ಮುಂದೆ ಬಾಯಿಬಿಟ್ಟು ಏನೂ ಕೇಳುವುದಿಲ್ಲ, ಆಮೇಲೆ ಹತ್ತು ಸಲ ಫೋನ್ ಮಾಡಿಸುತ್ತಾರೆ.

ಯಾವುದು ಸಾಮಾನ್ಯ ತಪಾಸಣೆಯಲ್ಲಿ ಸೇರುವುದಿಲ್ಲ?

ಗೆದ್ದಲಿನ ಪೂರ್ತಿ ಪರೀಕ್ಷೆ, ಬಾವಿ ನೀರಿನ ಪರೀಕ್ಷೆ, ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಡುವುದು, ಕಲ್ನಾರು (ಆಸ್ಬೆಸ್ಟಾಸ್), ಹಳೇ ಬಣ್ಣದಲ್ಲಿನ ಸೀಸ, ಇವಕ್ಕೆಲ್ಲ ಬೇರೆ ಬೇರೆ ಪರಿಣತರು. ಗೋಡೆ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಬರೆಯುತ್ತೇವೆ, ಒಳಗೆ ಎಷ್ಟು ತಿಂದಿದೆ ಅಂತ ಹೇಳುವುದು ನಮ್ಮ ಕೈಲಾಗದು. ಕೆಲವು ಕಡೆ ನೆಲದಿಂದ ಬರುವ ರೇಡಾನ್ ಅನಿಲದ ಪರೀಕ್ಷೆಯನ್ನೂ ಕೇಳುತ್ತಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅಳೆಯುವ ಉಪಕರಣವನ್ನು ಕಡಿಮೆಯೆಂದರೆ ಎರಡು ದಿನ ಮನೆಯಲ್ಲಿ ಇಟ್ಟುಹೋಗುತ್ತಾರೆ. ಆ ಎರಡು ದಿನವೂ ಕಿಟಕಿ ಮುಚ್ಚಿರಬೇಕು. ಸೆಖೆ ಅಂತ ತೆರೆದರೆ ಪರೀಕ್ಷೆ ಮತ್ತೆ ಮೊದಲಿಂದ.

ವರದಿ ನಲವತ್ತು ಪುಟ ಬಂದಿದೆ. ಏನು ಮಾಡಲಿ?

ಮೊದಲು ಉಸಿರು ಬಿಡಿ. ಅರ್ಧಕ್ಕಿಂತ ಜಾಸ್ತಿ ಫೋಟೋ ಇರುತ್ತವೆ. ಪ್ರಾಣಕ್ಕೆ ಅಪಾಯ ಇರುವುದು, ಬೇಗ ರಿಪೇರಿ ಬೇಕಾದದ್ದು, ಮುಂದೆ ನೋಡಿಕೊಳ್ಳಬಹುದಾದದ್ದು ಅಂತ ಮೂರು ಬಣ್ಣದ ಪೆನ್ನಲ್ಲಿ ಗುರುತು ಹಾಕಿ. ಮೊದಲ ಎರಡು ಗುಂಪಿನಲ್ಲಿ ಬೆರಳೆಣಿಕೆಯಷ್ಟು ಉಳಿಯುತ್ತವೆ, ಮಾತುಕತೆ ನಡೆಯುವುದು ಅವುಗಳ ಮೇಲೆ. ನೀವೇ ಮಾಡಿಸಿಕೊಡಬಹುದು, ಬೆಲೆ ಇಳಿಸಬಹುದು, ಆಗಲ್ಲ ಅನ್ನಲೂಬಹುದು. ದೊಡ್ಡ ರಿಪೇರಿಗೆ ಬೆಲೆ ಇಳಿಸುವುದೇ ನನಗೆ ಸರಿ ಕಾಣುತ್ತದೆ. ನೀವು ಮಾಡಿಸಿದ ಕೆಲಸ ಅವರಿಗೆ ಒಪ್ಪಿಗೆಯಾಗದಿದ್ದರೆ ಜಗಳ ಮನೆ ಮಾರಿದ ಮೇಲೂ ಬೆನ್ನು ಬಿಡುವುದಿಲ್ಲ.

ವರದಿಯಲ್ಲಿ ತಪ್ಪು ಇದೆ ಅನ್ನಿಸಿದರೆ ತಪಾಸಣೆ ಮಾಡಿದವರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಆ ವಿಷಯದ ಪರಿಣತರಿಂದ ಬರಹದಲ್ಲಿ ಅಭಿಪ್ರಾಯ ತಂದುಕೊಡಿ. ನಾವೂ ತಪ್ಪುತ್ತೇವೆ.

ಫ್ಲಾಟ್ ಆದರೂ ಇಷ್ಟೆಲ್ಲ ಬೇಕಾ?

ಒಳಗಿನದ್ದೆಲ್ಲ ಹಾಗೇ. ಸೂರು, ಲಿಫ್ಟು, ಹೊರಗೋಡೆ ಎಲ್ಲರದ್ದೂ ಆದ್ದರಿಂದ ಕಟ್ಟಡದ ಸಂಘ ಇತ್ತೀಚೆಗೆ ಯಾವ ರಿಪೇರಿ ಮಾಡಿಸಿದೆ, ಮುಂದೆ ಯಾವುದಕ್ಕೆ ದುಡ್ಡು ಎತ್ತಲಿದೆ ಅನ್ನುವ ಕಾಗದ ತಂದಿಡಿ. ಮೇಲಿನ ಮನೆಯವರ ಬಾತ್‌ರೂಮಿನಿಂದ ನಿಮ್ಮ ಸೂರಿಗೆ ತೇವ ಇಳಿಯುತ್ತಿದ್ದರೆ ತಪಾಸಣೆಗೆ ಮುಂಚೆಯೇ ಅವರ ಹತ್ತಿರ ಮಾತಾಡಿ. ಅವರ ಟೈಲ್ಸ್ ಕೀಳಿಸಬೇಕಾಗಬಹುದು, ಅದು ಎರಡು ದಿನದಲ್ಲಿ ಆಗುವ ಮಾತಲ್ಲ.

ಆ ದಿನವೇ ಕರೆಂಟ್ ಹೋದರೆ, ನೀರು ಬರದಿದ್ದರೆ?

ಬೆಳಗ್ಗೆಯೇ ಫೋನ್ ಮಾಡಿ ಹೇಳಿ. ಹೊರಗಿನ ಸುತ್ತು, ಸೂರು, ಬಿರುಕು ನೋಡಿ ಮುಗಿಸಿ ಉಳಿದದ್ದಕ್ಕೆ ಇನ್ನೊಂದು ದಿನ ಬರುತ್ತೇವೆ. ಮಳೆ ಬಂದರೆ ಮಾತ್ರ ಮುಂದೂಡಿ ಅನ್ನಬೇಡಿ. ಸೂರು ಸೋರುತ್ತದೋ ಇಲ್ಲವೋ ನೋಡಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಬಾಗಿಲ ಹತ್ತಿರ ಒಂದು ಹಳೇ ಗೋಣಿ ಹಾಸಿಡಿ, ಕೆಸರುಕಾಲಲ್ಲಿ ಬರುತ್ತೇವೆ.